ಮೂರನೇ ತಿರುವಿನ ತಾರಸಿ

ರೇಸ್ ಟ್ರ್ಯಾಕಿನ ಮೂರನೇ ತಿರುವಿಗೆ ಬೆನ್ನು ಕೊಟ್ಟುಕೊಂಡು ಒಂದು ಮನೆಯಿತ್ತು. ಟ್ರ್ಯಾಕಿನ ಕಾಂಪೌಂಡಿಗೂ ಮನೆಯ ಹಿಂದಿನ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆದು ಹೋಗುವಷ್ಟು ಜಾಗ, ಅಷ್ಟೇ. ಬೈಕುಗಳು ಓಡುವ ದಿನ ಆ ಮನೆಯ ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಸದ್ದಿನ ಕಾರಣಕ್ಕೇ ಜಾಗ ಅಗ್ಗಕ್ಕೆ ಸಿಕ್ಕಿತ್ತು, ಅಗ್ಗಕ್ಕೆ ಸಿಕ್ಕಿದ್ದರಿಂದಲೇ ಒಬ್ಬ ವೆಲ್ಡರ್ ಅಲ್ಲಿ ಮನೆ ಕಟ್ಟಿಸಿದ್ದ. ವೆಲ್ಡರ್ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಈಗ ಮನೆಯಲ್ಲಿದ್ದವರು ಮೂವರು: ಅವನ ಹೆಂಡತಿ, ಮಗ, ಸೊಸೆ. ಮಗ ಆಸ್ಪತ್ರೆಯೊಂದರಲ್ಲಿ ಲಿಫ್ಟುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ರೇಸಿನ ಭಾನುವಾರಗಳಂದು ತಾನೇ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದ. ಮನೆಗಿಂತ ಆಸ್ಪತ್ರೆಯೇ ವಾಸಿ, ಅಲ್ಲಿ ನರಳುವವರೂ ಮೆಲ್ಲಗೆ ನರಳುತ್ತಾರೆ ಎನ್ನುತ್ತಿದ್ದ. ಹಾಗಾಗಿ ಈ ಕಥೆ ಉಳಿದ ಇಬ್ಬರದು, ಅತ್ತೆ ಸೊಸೆಯರದು.

ಗಂಡ ಹೋದ ಮೇಲೆ ಅತ್ತೆಯ ಕೈಹಿಡಿದದ್ದು ತಾರಸಿ. "ಅಕ್ಕಾ, ಸ್ವಲ್ಪ ಮೇಲೆ ಹತ್ತಿ ನೋಡ್ಲಾ?" ಎಂದು ಬೀದಿಯ ಗಂಡಸರು ಕೇಳುವುದು ಮೊದಲಿನಿಂದಲೂ ಇತ್ತು. ವೆಲ್ಡರ್ ಬದುಕಿದ್ದಾಗ ಎಲ್ಲರನ್ನೂ ಸುಮ್ಮನೆ ಹತ್ತಿಸುತ್ತಿದ್ದ. ಅತ್ತೆ ಅದಕ್ಕೊಂದು ಬೆಲೆ ಇಟ್ಟಳು: ಟ್ರ್ಯಾಕಿನ ಟಿಕೆಟ್ಟಿನ ಅರ್ಧ, ಜೊತೆಗೆ ಮೂರು ಸಲ ಟೀ. ಕುರ್ಚಿಗಳನ್ನು ಒಂದೊಂದಾಗಿ ಕೂಡಿಸಿದಳು. ಒಟ್ಟು ಇಪ್ಪತ್ತೆರಡು, ಒಂದಕ್ಕೊಂದು ಹೋಲಿಕೆಯಿಲ್ಲ. ಒಂದು ಮುಚ್ಚಿಹೋದ ಕ್ಷೌರದಂಗಡಿಯದು, ನಾಲ್ಕು ಯಾವುದೋ ಶಾಲೆಯವು, ಒಂದಕ್ಕೆ ಮೂರೇ ಕಾಲಿದ್ದು ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ನಿಯಮಗಳೂ ಇದ್ದವು. ನೀರಿನ ಟ್ಯಾಂಕಿನ ಹತ್ತಿರ ಸಿಗರೇಟ್ ಸೇದಬಾರದು. ಪ್ಯಾರಾಪೆಟ್ಟಿಗೆ ಒರಗಬಾರದು. ಬಿದ್ದವನನ್ನು ನೋಡಿ ಚಪ್ಪಾಳೆ ತಟ್ಟಬಾರದು.

ಟ್ರ್ಯಾಕಿನವರು ಬಿಡುತ್ತಾರೆಯೇ? ಕಾಂಪೌಂಡನ್ನು ಮೂರಡಿ ಎತ್ತರಿಸಿದರು. ಅತ್ತೆ ಗಂಡನ ಹಳೆಯ ಗೆಳೆಯನನ್ನು ಕರೆಸಿ ತಾರಸಿಯ ಮೇಲೆ ಮೂರೂವರೆ ಅಡಿಯ ಕಬ್ಬಿಣದ ಅಟ್ಟಣಿಗೆ ಹಾಕಿಸಿದಳು. ಅವರು ಕಂಬ ನೆಟ್ಟು ದಪ್ಪ ಬಟ್ಟೆ ಕಟ್ಟಿದರು. ಎರಡನೇ ವಾರಕ್ಕೆ ಗಾಳಿ ಅದನ್ನು ಹರಿದು ಹಾಕಿತು. ಕೊನೆಗೆ ನೋಟಿಸು ಬಂತು. ಸೊಸೆಯ ಕೈಲಿ ಓದಿಸಿ ಕೇಳಿದ ಅತ್ತೆ, "ತಾರಸಿ ನಂದು, ಕಣ್ಣು ಅವರವರದು. ಕಣ್ಣಿಗೆ ಯಾವ ಸೆಕ್ಷನ್ನಲ್ಲಿ ಟಿಕೆಟ್ ಕೊಡ್ತಾರಂತೆ, ಬರೆದು ಕೇಳು" ಎಂದಳು. ಅಲ್ಲಿಗೆ ನೋಟಿಸು ನಿಂತಿತು. ಆದರೆ ಪ್ರತಿ ರೇಸಿನ ದಿನ ಟ್ರ್ಯಾಕಿನ ಮ್ಯಾನೇಜರ್, ಕೈಯಲ್ಲಿ ವಾಕಿಟಾಕಿ ಹಿಡಿದ ಸಣಕಲು ಮನುಷ್ಯ, ತಿರುವಿನ ಹತ್ತಿರ ನಿಂತು ತಾರಸಿಯ ಮೇಲಿನ ತಲೆಗಳನ್ನು ಬೆರಳು ಮಾಡಿ ಎಣಿಸುತ್ತಿದ್ದ. ಅತ್ತೆ ಮೇಲಿನಿಂದಲೇ ಕೂಗುತ್ತಿದ್ದಳು: "ಇಪ್ಪತ್ತೆರಡು! ನಾನೇ ಹೇಳ್ತೀನಿ, ಬೆರಳು ಯಾಕೆ ನೋಯಿಸ್ಕೋತೀರಿ!"

ಹೀಗೆ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಹಾರ್ನಣ್ಣ ಸುದ್ದಿ ತಂದ. ಅವನು ನಿವೃತ್ತ ಲಾರಿ ಡ್ರೈವರ್. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುವ ಗಂಟಲು, ಅದಕ್ಕೇ ಆ ಹೆಸರು. ತಾರಸಿಯ ಮೊದಲ ಸಾಲಿನ ಮೊದಲ ಕುರ್ಚಿ ಹದಿನೈದು ವರ್ಷದಿಂದ ಅವನದೇ.

"ಅಕ್ಕಾ, ಮುಂದಿನ ಸೀಸನ್ನಿಂದ ಒಳಗೆ ಟಿಕೆಟ್ ಇಲ್ವಂತೆ."

"ಟಿಕೆಟ್ ಸಿಗಲ್ವಂತಾ?"

"ಅಯ್ಯೋ, ಟಿಕೆಟ್ಟೇ ಇಲ್ಲ. ಯಾರು ಬೇಕಾದ್ರೂ ಹೋಗ್ಬಹುದು, ಪುಕ್ಕಟೆ."

ಅತ್ತೆ ನಕ್ಕುಬಿಟ್ಟಳು. "ಎಂಜಲು ಕೈಯಲ್ಲಿ ಕಾಗೆ ಓಡಿಸದ ಜನ ಅವರು. ಪುಕ್ಕಟೆ ಬಿಡ್ತಾರಾ?"

"ಅವರ ಖರ್ಚೆಲ್ಲ ಕಂಪನಿಗಳು ಕೊಡ್ತವಂತೆ. ಟೈರಿನವರು, ಬ್ಯಾಟರಿಯವರು, ಬಿಸ್ಕತ್ತಿನವರು. ಸ್ಪಾನ್ಸರ್ ಅಂತಾರೆ."

"ಅವರಿಗೇನು ಬಂತು ಅದರಲ್ಲಿ?"

"ಜನ ಬಂದ್ರೆ ಅವರ ಬೋರ್ಡು ನೋಡ್ತಾರಲ್ಲ."

"ಬೋರ್ಡು ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಬೀದೀಲಿ ಹೆಜ್ಜೆಗೊಂದು ಇದೆ."

ಹಾಗೆ ಅಂದಳಾದರೂ ಅವಳಿಗೆ ಒಳಗೊಳಗೆ ಅಳುಕು ಹುಟ್ಟಿತು.

ಹೊಸ ಸೀಸನ್ನಿನ ಮೊದಲ ಭಾನುವಾರ ಅತ್ತೆ ಎಂದಿನಂತೆ ಕುರ್ಚಿಗಳನ್ನು ಒರೆಸಿ ಸಾಲಾಗಿ ಇಟ್ಟಳು. ಸೊಸೆ ದೊಡ್ಡ ಪಾತ್ರೆಯಲ್ಲಿ ಇಪ್ಪತ್ತೆರಡು ಲೋಟದ ಟೀಗೆ ನೀರಿಟ್ಟಳು. ಹತ್ತು ಗಂಟೆಯ ಹೊತ್ತಿಗೆ ಬೀದಿ ತುಂಬ ಜನ. ಗಂಡ, ಹೆಂಡತಿ, ಅಜ್ಜ, ಕಂಕುಳಲ್ಲೊಂದು ಕೂಸು. ಮನೆಗೆ ಬೀಗ ಹಾಕಿಕೊಂಡು ಮನೆಮಂದಿಯೆಲ್ಲ ಹೊರಟಿದ್ದರು. ರೇಸೆಂದರೆ ಮೂಗು ಮುರಿಯುತ್ತಿದ್ದ ಎದುರುಮನೆಯ ನರ್ಸ್ ಕೂಡ ಛತ್ರಿ ಹಿಡಿದು ಹೊರಟಿದ್ದಳು. ಗೇಟಿನಲ್ಲಿ ನಿಂತ ಅತ್ತೆ, "ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು" ಎಂದು ಗೊಣಗಿಕೊಂಡಳು. ತಾರಸಿಯ ಗಿರಾಕಿಗಳೂ ಆ ಗುಂಪಿನಲ್ಲಿದ್ದರು. ಒಬ್ಬ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ. ಇನ್ನೊಬ್ಬ ಮುಖಕ್ಕೆ ಪೇಪರ್ ಹಿಡಿದು ದಾಟಿಹೋದ, ಪೇಪರ್ ತಲೆಕೆಳಗಾಗಿತ್ತು.

ಮೇಲೆ ಬಂದವನು ಹಾರ್ನಣ್ಣ ಒಬ್ಬನೇ. ತನ್ನ ಕುರ್ಚಿಯಲ್ಲಿ ಕೂತ. ಒಂದು ಲೋಟ ಟೀ ಕುಡಿದ, ಇನ್ನೊಂದು ಕುಡಿದ. ಕೆಳಗೆ ಬೈಕುಗಳು ಅಭ್ಯಾಸದ ಸುತ್ತು ಹಾಕುತ್ತಿದ್ದವು. ಅವನು ಒಂದು ಸಲ ಅತ್ತ ನೋಡಿ ಎರಡು ಸಲ ಮೆಟ್ಟಿಲ ಕಡೆ ನೋಡುತ್ತಿದ್ದ.

"ಹೇಳು" ಅಂದಳು ಅತ್ತೆ.

ಹಾರ್ನಣ್ಣನ ದನಿ ಅವತ್ತು ಎಂದೂ ಇಲ್ಲದಷ್ಟು ತಗ್ಗಿತ್ತು. "ಒಳಗೆ ಕೂತ್ರೆ ಸ್ಟಾರ್ಟಿಂಗ್ ಲೈನ್ ಕಾಣುತ್ತಂತೆ ಅಕ್ಕಾ. ಹದಿನೈದು ವರ್ಷದಿಂದ ಇವರು ತಿರುಗೋದನ್ನ ನೋಡಿದೀನಿ. ಹೊರಡೋದನ್ನ ನೋಡೇ ಇಲ್ಲ."

"ಹೋಗಪ್ಪ. ನಾನೇನು ಕಟ್ಟಿಹಾಕಿದೀನಾ?"

ಅವನು ಹೋದ. ಹೋಗುವಾಗ ಕುರ್ಚಿಯ ಮೇಲೆ ನೋಟು ಇಟ್ಟಿದ್ದ. ಅತ್ತೆ ಪ್ಯಾರಾಪೆಟ್ಟಿಗೆ ಒರಗಿ, ತನ್ನ ನಿಯಮ ತಾನೇ ಮುರಿದು, "ಮರೆತು ಹೋಗಿದೀಯ!" ಎಂದು ಅದನ್ನು ಉಂಡೆ ಮಾಡಿ ಬೀದಿಗೆ ಎಸೆದಳು.

ಸಿಟ್ಟನ್ನು ಯಾರ ಮೇಲಾದರೂ ಇಳಿಸಬೇಕಲ್ಲ, ಕೆಳಗೆ ಬಂದಳು. ಅಡುಗೆಮನೆಯಲ್ಲಿ ಸೊಸೆ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕ, ಹೊಲಿಯಲು ಬಂದಿದ್ದ ಪರದೆ ಬಟ್ಟೆಗಳ ರಾಶಿಗೆ ತಲೆಯಿಟ್ಟು ನೆಲದ ಮೇಲೇ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಕಿಟಕಿಯಾಚೆ ನಲವತ್ತು ಅಡಿ ದೂರದಲ್ಲಿ ಹದಿನೆಂಟು ಬೈಕುಗಳು ಅರಚಿಕೊಂಡು ತಿರುಗಿದವು. ಸೊಸೆ ಮಗ್ಗುಲು ಬದಲಾಯಿಸಲಿಲ್ಲ.

ಜ್ವರವಿರಬೇಕು ಎಂದುಕೊಂಡ ಅತ್ತೆ ಬಗ್ಗಿ ಹಣೆ ಮುಟ್ಟಿದಳು. ಸೊಸೆ ದಡಬಡಿಸಿ ಎದ್ದಳು.

"ಟೀ ಸಾಲ್ಲಿಲ್ವಾ ಅತ್ತೆ?"

"ಕುಡಿಯೋರೇ ಇಲ್ಲ. ಬಂದ ಒಬ್ಬನೂ ಎದ್ದು ಹೋದ. ಇನ್ನು ಬರೋದೂ ಇಲ್ಲ ಬಿಡು."

ಸೊಸೆ ತಲೆ ತಗ್ಗಿಸಿದಳು. ಆದರೆ ಅದಕ್ಕೆ ಮೊದಲು ಅವಳ ಮುಖದ ಮೇಲೆ ಏನೋ ಹಗುರವಾದದ್ದು ಬಂದುಹೋಯಿತು. ಅತ್ತೆ ಅದನ್ನು ನೋಡಿಬಿಟ್ಟಳು.

"ನಿನಗೆ ಖುಷೀನೇನೇ?"

"ಖುಷಿ ಅಲ್ಲ ಅತ್ತೆ." ಸೊಸೆ ಬಟ್ಟೆಯ ಮಡಿಕೆ ಸರಿಮಾಡುತ್ತ ಹೇಳಿದಳು. "ಇಪ್ಪತ್ತೆರಡು ಲೋಟ, ಮೂರು ಸಲ, ಹತ್ತೊಂಬತ್ತು ಮೆಟ್ಟಿಲು. ಆಮೇಲೆ ಲೋಟ ತೊಳೆಯೋದು. ಇವತ್ತು ಕಾಲು ನೋಯ್ತಿಲ್ಲ, ಅಷ್ಟೇ."

ಅತ್ತೆ ಮೂರು ದಿನ ಮಾತು ಬಿಟ್ಟಳು. ಬೇಕಾದದ್ದನ್ನೆಲ್ಲ ಮಗನ ಮೂಲಕ ಹೇಳಿಸಿದಳು. "ಉಪ್ಪು ಮುಗಿದಿದೆ ಅಂತ ಹೇಳೋ ಅವಳಿಗೆ." ಸೊಸೆ ಎದುರಿಗೇ ಕೂತಿರುತ್ತಿದ್ದಳು. ಮಗ ಪಾಪ, ಆಸ್ಪತ್ರೆಯಲ್ಲಿ ಲಿಫ್ಟು ಮೇಲೆ ಕೆಳಗೆ ಓಡಾಡಿದ ಹಾಗೆ ಇಬ್ಬರ ನಡುವೆ ಮಾತು ಹೊತ್ತುಕೊಂಡು ಓಡಾಡಿದ. ನಾಲ್ಕನೆಯ ದಿನ ಅತ್ತೆ ತಾರಸಿಗೆ ಹತ್ತುವಾಗ ಮೆಟ್ಟಿಲು ಎಣಿಸಿದಳು. ಹತ್ತೊಂಬತ್ತೇ ಇದ್ದವು. ತಾನು ಈ ಮೆಟ್ಟಿಲುಗಳನ್ನು ಎಣಿಸಿದ್ದೇ ಇಲ್ಲ ಎಂಬುದು ಅವಳಿಗೆ ಅಲ್ಲಿ, ಕೊನೆಯ ಮೆಟ್ಟಿಲಲ್ಲಿ ನಿಂತಾಗ ಹೊಳೆಯಿತು. ಸೊಸೆ ಈ ಮನೆಗೆ ಬಂದು ಹನ್ನೊಂದು ವರ್ಷ. ರೇಸಿನ ದಿನ ಬೆಳಿಗ್ಗೆ ಹತ್ತಿ ಮೇಲೆ ಕೂತರೆ ತಾನು ಇಳಿಯುತ್ತಿದ್ದದ್ದು ಸಂಜೆಗೆ. ಕೆಳಗೆ ಬಂದವಳು, "ಉಪ್ಪು ತಂದ್ಯೇನೇ?" ಎಂದು ಸೊಸೆಯನ್ನೇ ನೇರವಾಗಿ ಕೇಳಿದಳು. ಸೊಸೆ "ತಂದೆ" ಅಂದಳು. ರಾಜಿಯಾಯಿತು.

ಮುಂದಿನ ರೇಸಿಗೆ ಅತ್ತೆ ತಾನೇ ಹೊರಟಳು. "ಮೂವತ್ತು ವರ್ಷ ಈ ಗೋಡೆಗೆ ಬೆನ್ನು ಹಾಕ್ಕೊಂಡು ಇದ್ದೀನಿ. ಒಳಗೇನಿದೆ ಅಂತ ನೋಡಿ ಬರ್ತೀನಿ" ಅಂದಳು. ಗೇಟಿನಲ್ಲಿ ಒಬ್ಬ ಹುಡುಗಿ ಕೈಯಲ್ಲಿ ಪುಟ್ಟ ಎಣಿಕೆಯಂತ್ರ ಹಿಡಿದಿದ್ದಳು. ಅತ್ತೆ ಒಳಗೆ ಕಾಲಿಟ್ಟದ್ದೇ ಅದು 'ಟಿಕ್' ಎಂದಿತು. ಇನ್ನೊಬ್ಬಳು ಬ್ಯಾಟರಿ ಕಂಪನಿಯ ಹೆಸರಿದ್ದ ಕಾಗದದ ಟೋಪಿ ಕೊಟ್ಟಳು. ಟೋಪಿ ಹಾಕಿಕೊಂಡೇ ಅತ್ತೆ ಟೀ ಅಂಗಡಿಗೆ ಹೋಗಿ ಬೆಲೆ ಕೇಳಿದಳು. ಕೇಳಿ, ಇನ್ನೊಮ್ಮೆ ಕೇಳಿದಳು.

"ಬಾಗಿಲಲ್ಲಿ ಬಿಟ್ಟಿದ್ದನ್ನ ಲೋಟದಲ್ಲಿ ಹಿಡೀತೀರಲ್ಲಯ್ಯ" ಎಂದು ಟೀ ಕುಡಿಯದೆ ಹೋಗಿ ಜನ ಕೂರುವ ಎತ್ತರದ ಮೆಟ್ಟಿಲುಗಳ ಮೇಲೆ ಕೂತಳು.

ಅಲ್ಲಿಂದ ಅವಳಿಗೆ ತನ್ನ ಮನೆ ಕಂಡಿತು. ಮೊದಲು ಗುರುತು ಹತ್ತಲಿಲ್ಲ. ಟ್ರ್ಯಾಕಿನಾಚೆ, ಕಾಂಪೌಂಡಿನ ಮೇಲೆ ಇಣುಕುವ ಬಣ್ಣ ಹೋದ ಗೋಡೆ. ಅದರ ನಡುವೆ ಒಂದೇ ಒಂದು ಚೌಕ ಕಿಟಕಿ. ಮೇಲೆ ನೀರಿನ ಟ್ಯಾಂಕು, ಒಣಗಿಸಿದ ಬಟ್ಟೆ. ಅಷ್ಟು ಸಣ್ಣದಾ ನಮ್ಮ ಮನೆ ಅನಿಸಿತು. ಬೈಕುಗಳು ಸಾಲಾಗಿ ನಿಂತವು, ಎದುರಿನ ಕೆಂಪು ದೀಪ ಆರಿತು, ಎಲ್ಲ ಒಮ್ಮೆಲೇ ಮುಂದಕ್ಕೆ ಜಿಗಿದವು. ಅವಳು ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು. ಹಾರ್ನಣ್ಣ ಎರಡು ಸಾಲು ಕೆಳಗಿನಿಂದ ತಿರುಗಿ, "ನೋಡಿದ್ಯಾ ಅಕ್ಕಾ, ಹೊರಡೋದು ಹೀಗಿರುತ್ತೆ!" ಎಂದು ಕೂಗಿದ್ದು ಹದಿನೆಂಟು ಬೈಕುಗಳ ಸದ್ದಿನಲ್ಲೂ ಕೇಳಿಸಿತು.

ಎರಡು ರೇಸುಗಳ ನಡುವಿನ ಬಿಡುವಿನಲ್ಲಿ ಮ್ಯಾನೇಜರ್ ಬಂದ. ಅವಳನ್ನು ನೋಡಿ ಒಂದು ಕ್ಷಣ ನಿಂತ, ಆಮೇಲೆ ಪಕ್ಕದಲ್ಲಿ ಜಾಗ ಬಿಟ್ಟು ಕೂತ.

"ನೀವು ಇಲ್ಲಿ ಬರ್ತೀರಿ ಅಂದ್ಕೊಂಡಿರ್ಲಿಲ್ಲ ಅಮ್ಮಾ."

"ನನ್ನ ಗಿರಾಕೀನೆಲ್ಲ ಎಳ್ಕೊಂಡು ಬಂದ್ರಿ. ನಾನೊಬ್ಬಳೇ ಮೇಲೆ ಕೂತು ಏನು ಮಾಡ್ಲಿ ಮ್ಯಾನೇಜರ್ರೇ?"

ಅವನು ನಕ್ಕ. ಹತ್ತಿರದಿಂದ ನೋಡಿದರೆ ಅವನಿಗೂ ವಯಸ್ಸಾಗಿತ್ತು. "ನಿಮಗೋಸ್ಕರ ಮಾಡಿದ್ದಲ್ಲಮ್ಮ. ಟಿಕೆಟ್ ಇಟ್ಟಾಗ ಈ ಮೆಟ್ಟಿಲುಗಳಲ್ಲಿ ಕಾಲು ಭಾಗಾನೂ ತುಂಬ್ತಿರ್ಲಿಲ್ಲ. ಖಾಲಿ ಮೆಟ್ಟಿಲು ತೋರಿಸಿ ಕಂಪನಿಯವರನ್ನ ಕೇಳಿದ್ರೆ ಯಾರು ಕೊಡ್ತಾರೆ? ಈಗ ಗೇಟಲ್ಲಿ ಎಷ್ಟು ಟಿಕ್ ಬೀಳುತ್ತೋ ಅಷ್ಟು ನಮಗೆ ಮರ್ಯಾದೆ."

"ಅಂದ್ರೆ ಮೊದ್ಲು ನಮಗೆ ರೇಸ್ ಮಾರ್ತಿದ್ರಿ. ಈಗ ಅವರಿಗೆ ನಮ್ಮನ್ನ ಮಾರ್ತಿದೀರಿ."

ಮ್ಯಾನೇಜರ್ ವಾಕಿಟಾಕಿಯನ್ನು ತೊಡೆಯ ಮೇಲಿಟ್ಟ. "ಹಾಗೂ ಅನ್ಬಹುದು. ಆದ್ರೆ ನಿಮ್ಮ ತಲೆ ಮೇಲೆ ಟೋಪಿ ಇದೆ, ಎದುರಿಗೆ ರೇಸ್ ಇದೆ. ನಷ್ಟ ಏನಾಯ್ತು ಹೇಳಿ?"

ಅತ್ತೆ ಟೋಪಿ ತೆಗೆದು ತಿರುಗಿಸಿ ನೋಡಿದಳು. ಅಷ್ಟರಲ್ಲಿ ಅವನೇ ವಿಷಯಕ್ಕೆ ಬಂದ. ಮೂರನೇ ತಿರುವಿನಲ್ಲಿ ಎತ್ತರದ ಕಂಬದ ಮೇಲೆ ಟಿವಿಯವರ ಕ್ಯಾಮೆರಾ ಇದೆ. ಪ್ರತಿ ಸುತ್ತಿಗೂ ಬೈಕಿನ ಹಿಂದೆ ಅವಳ ಮನೆಯ ಗೋಡೆ ಕಾಣುತ್ತದೆ. ಟೈರ್ ಕಂಪನಿಯವರು ಆ ಗೋಡೆ ಕೇಳುತ್ತಿದ್ದಾರೆ. ಇಡೀ ಗೋಡೆಗೆ ತಗಡಿನ ಬೋರ್ಡು ಹೊಡೆಯುತ್ತಾರೆ. ಸೀಸನ್ನಿಗೆ ಇಷ್ಟು ಎಂದು ಅವನು ಹೇಳಿದ ಮೊತ್ತ ತಾರಸಿಯಿಂದ ಬರುತ್ತಿದ್ದದ್ದಕ್ಕಿಂತ ಹೆಚ್ಚೇ ಇತ್ತು. ಕುರ್ಚಿ ಇಲ್ಲ, ಟೀ ಇಲ್ಲ, ಮೆಟ್ಟಿಲು ಹತ್ತುವುದಿಲ್ಲ.

ಅತ್ತೆ ಮನೆಗೆ ಬಂದದ್ದು ನಡೆದುಕೊಂಡೋ ಹಾರಿಕೊಂಡೋ ಅವಳಿಗೇ ಗೊತ್ತಾಗಲಿಲ್ಲ. ಸೊಸೆ ಕಪ್ಪು ಕೋಟೊಂದರ ಅಂಚು ಬಿಚ್ಚುತ್ತಿದ್ದಳು. ಅತ್ತೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಕಿಟಕಿ?" ಎಂದು ಕೇಳಿದಳು ಸೊಸೆ.

"ಅದು ಬೋರ್ಡಿನ ಹಿಂದೆ ಹೋಗುತ್ತೆ. ಲೈಟ್ ಹಾಕ್ಕೊಂಡ್ರಾಯ್ತಲ್ಲ."

ಸೊಸೆ ಕತ್ತರಿ ಕೆಳಗಿಟ್ಟಳು. ಹನ್ನೊಂದು ವರ್ಷದಲ್ಲಿ ಅತ್ತೆ ಹೇಳಿದ್ದಕ್ಕೆ ಅವಳು ಇಲ್ಲ ಎಂದದ್ದಿಲ್ಲ. ಈಗ ಅಂದಳು.

"ಬೇಡ ಅತ್ತೆ."

"ಏನು ಬೇಡ?"

"ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಲೈಟಲ್ಲಿ ಏನೂ ಕಾಣಲ್ಲ. ಆ ಕಿಟಕಿ ಇದೆ ಅಂತಲೇ ನಾನು ಈ ಕೆಲಸ ಹಿಡಿದಿದ್ದು. ಟೀ ಬೇಕಾದ್ರೆ ಮತ್ತೆ ಮಾಡ್ತೀನಿ, ಮೂರು ಸಲ ಅಲ್ಲ, ಆರು ಸಲ ಹತ್ತುತೀನಿ. ಕಿಟಕಿ ಮಾತ್ರ ಮುಚ್ಚಬೇಡಿ."

ದನಿ ಏರಿರಲಿಲ್ಲ. ಅದಕ್ಕೇ ಅತ್ತೆಗೆ ತಿರುಗಿ ಜಗಳ ತೆಗೆಯಲೂ ಆಗಲಿಲ್ಲ.

ಮರುದಿನ ಸೊಸೆ ಹೊಲಿದ ಬಟ್ಟೆ ಕೊಡಲು ಹೊರಗೆ ಹೋದಾಗ ಅತ್ತೆ ಹಿಂದಿನ ಕೋಣೆಗೆ ಹೋದಳು. ಕಿಟಕಿ ಮುಚ್ಚಿ, ಅದರ ಮೇಲೊಂದು ಕಂಬಳಿ ಇಳಿಬಿಟ್ಟು, ಲೈಟ್ ಹಾಕಿ ಯಂತ್ರದ ಮುಂದೆ ಕೂತಳು. ಕಪ್ಪು ದಾರ ತೆಗೆದುಕೊಂಡು ಸೂಜಿಗೆ ಪೋಣಿಸಲು ನೋಡಿದಳು. ಹತ್ತು ಸಲ ನೋಡಿದಳು. ಅವಳ ನೆರಳೇ ಅವಳ ಕೈಯ ಮೇಲೆ ಬೀಳುತ್ತಿತ್ತು. ಎದ್ದು ಕಂಬಳಿ ಸರಿಸಿ ಕಿಟಕಿ ತೆರೆದಳು. ತೆರೆದರೂ ಪೋಣಿಸಲು ಆಗಲಿಲ್ಲ, ಅದು ವಯಸ್ಸಿನ ಮಾತು. ಆದರೆ ಸೂಜಿಯ ಕಣ್ಣಾದರೂ ಕಂಡಿತು. ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ಸೊಸೆಯ ಕುರ್ಚಿಯಲ್ಲಿ ಕೂತರೆ ಟ್ರ್ಯಾಕು ಕಾಣುತ್ತಲೇ ಇರಲಿಲ್ಲ. ಕಾಂಪೌಂಡಿನ ತುದಿ, ಅದರ ಮೇಲೆ ಆಕಾಶ, ಅಷ್ಟೇ.

ಮಧ್ಯಾಹ್ನ ಮ್ಯಾನೇಜರನ ಆಫೀಸಿಗೆ ಹೋದಳು. ಅವನ ಜೊತೆ ಟೈರ್ ಕಂಪನಿಯ ಮನುಷ್ಯನೂ ಇದ್ದ, ಇಸ್ತ್ರಿ ಮುರಿಯದ ಅಂಗಿ, ಮೊಬೈಲಿನಲ್ಲಿ ಗೋಡೆಯ ಫೋಟೋ.

"ಗೋಡೆ ಕೊಡ್ತೀನಿ. ಕಿಟಕಿ ಕೊಡಲ್ಲ" ಅಂದಳು.

"ಆಗಲ್ಲಮ್ಮ," ಕಂಪನಿಯವನು ಫೋಟೋ ತೋರಿಸಿದ. "ಕಿಟಕಿ ಸರಿಯಾಗಿ ನಟ್ಟನಡುವೆ ಇದೆ. ನಡುವೆ ತೂತು ಬಿಟ್ಟು ಹೆಸರು ಹೇಗೆ ಹಾಕೋದು?"

"ನೀವು ಮಾರೋದೇನಪ್ಪ?"

"ಟೈರು."

"ಟೈರಿಗೆ ನಡುವೆ ತೂತು ಇರಲ್ವಾ?"

ಕಂಪನಿಯವನು ಮೊಬೈಲನ್ನು ನೋಡಿದ, ಮ್ಯಾನೇಜರನ್ನು ನೋಡಿದ. ಮ್ಯಾನೇಜರ್ ಕಿಟಕಿಯಾಚೆ ನೋಡುತ್ತ ಮೀಸೆಯೊಳಗೇ ನಗುತ್ತಿದ್ದ. ಇಷ್ಟು ವರ್ಷ ಅವಳ ಮಾತಿನ ಪೆಟ್ಟು ತಿಂದವನಿಗೆ ಅದು ಇನ್ನೊಬ್ಬನಿಗೆ ಬಿದ್ದಾಗ ಆದ ಸಂತೋಷ ಸಣ್ಣದಲ್ಲ. ಕಂಪನಿಯವನು ಎರಡು ಫೋನು ಮಾಡಿದ. ತಗಡು ಹೋಗಿ ಬಣ್ಣ ಬಂತು.

ಬಣ್ಣದವನು ಮೂರು ದಿನ ಏಣಿಯ ಮೇಲೆ ನಿಂತು ಕೆಲಸ ಮಾಡಿದ. ಚೌಕ ಕಿಟಕಿಗೆ ದುಂಡು ಟೈರು ಕೂರಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಯಿತು; ಕೊನೆಗೆ ಕಿಟಕಿಯ ಸುತ್ತ ಚಕ್ರದ ಬೆಳ್ಳಿ ಬಣ್ಣ ಬಳಿದು, ಅದರಾಚೆ ಆಳೆತ್ತರದ ಕಪ್ಪು ಟೈರು ಬರೆದ. ಕೆಳಗೆ ಕಂಪನಿಯ ಹೆಸರು. ಸೊಸೆ ಅಷ್ಟೂ ದಿನ ಒಳಗೆ ಹೊಲಿಯುತ್ತಲೇ ಇದ್ದಳು. ಮಧ್ಯೆ ಮಧ್ಯೆ ಅವನು ಕಿಟಕಿಯಲ್ಲಿ ಇಣುಕಿ ನೀರು ಕೇಳುತ್ತಿದ್ದ. ಎರಡನೆಯ ದಿನ ಅವನ ಹರಿದ ಜೇಬನ್ನೂ ಹೊಲಿದುಕೊಟ್ಟಳು.

ಆಮೇಲಿನ ರೇಸಿನಲ್ಲಿ ಒಂದು ತಮಾಷೆ ನಡೆಯಿತು. ಆಸ್ಪತ್ರೆಯ ಕಾಯುವ ಕೋಣೆಯಲ್ಲಿದ್ದ ಟಿವಿಯಲ್ಲಿ ಮಗ ಅದನ್ನು ನೋಡಿದ. ಬೈಕುಗಳು ಮೂರನೇ ತಿರುವಿಗೆ ಬಂದಾಗಲೆಲ್ಲ ಎರಡು ಮೂರು ಕ್ಷಣ ಆ ಟೈರು ಕಾಣುತ್ತಿತ್ತು, ಟೈರಿನ ನಡುವೆ ತಲೆ ಬಗ್ಗಿಸಿ ಹೊಲಿಯುತ್ತಿರುವ ಅವನ ಹೆಂಡತಿ. ಹನ್ನೆರಡು ಸುತ್ತಿಗೂ ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಕಾಯುತ್ತಿದ್ದ ರೋಗಿಗಳು ರೇಸು ಬಿಟ್ಟು, "ಎದ್ದಳಾ? ಇಲ್ಲ, ಇನ್ನೂ ಹೊಲೀತಿದಾಳೆ" ಎಂದು ಅವಳನ್ನೇ ನೋಡತೊಡಗಿದರಂತೆ. ಅವನು ಆಮೇಲೆ ಯಾರೂ ಕೇಳದಿದ್ದರೂ, "ಅವಳು ನಮ್ಮನೆಯವಳು" ಎಂದು ಲಿಫ್ಟಿನಲ್ಲಿ ಹತ್ತಿದವರಿಗೆಲ್ಲ ಹೇಳಿದನಂತೆ.

ಕಂಪನಿಯವರಿಗೂ ಅದು ಹಿಡಿಸಿಬಿಟ್ಟಿತು. ಮ್ಯಾನೇಜರ್ ಮನೆಗೇ ಬಂದ. ಕುರ್ಚಿಯ ತುದಿಯಲ್ಲಿ ಕೂತು ಸಂಕೋಚದಿಂದ ಕೇಳಿದ: ಮುಂದಿನ ಸಲ ಬೈಕು ಬಂದಾಗ ಸೊಸೆಯವರು ಒಮ್ಮೆ ಕೈ ಬೀಸಬಹುದೇ? ಅದಕ್ಕೆ ಬೇರೆಯಾಗಿ ಕೊಡುತ್ತಾರಂತೆ.

ಮೊದಲಾಗಿದ್ದರೆ ಅತ್ತೆಯೇ ಉತ್ತರ ಕೊಡುತ್ತಿದ್ದಳು. ಈ ಸಲ ಸೊಸೆಯ ಕಡೆ ನೋಡಿದಳು.

"ಆಗಲ್ಲ ಸಾರ್," ಅಂದಳು ಸೊಸೆ. "ಕೈ ತುಂಬಾ ಕೆಲಸ ಇದೆ. ಕೈ ಬೀಸಿದ್ರೆ ಹೊಲಿಗೆ ಸೊಟ್ಟ ಹೋಗುತ್ತೆ."

"ಕೇಳಿದ್ರಲ್ಲ," ಅಂದಳು ಅತ್ತೆ, ತಾನೇ ಹೇಳಿಕೊಟ್ಟವಳಂತೆ.

ಕುರ್ಚಿಗಳನ್ನು ಒಂದೊಂದಾಗಿ ಕೇಳಿದವರಿಗೆ ಕೊಟ್ಟುಬಿಟ್ಟಳು. ಕಬ್ಬಿಣದ ಅಟ್ಟಣಿಗೆಯ ಮೇಲೆ ಸೊಸೆ ಉದ್ದನೆಯ ಪರದೆಗಳನ್ನು ಹರವಿ ಅಳತೆ ನೋಡುತ್ತಾಳೆ. ಅಷ್ಟು ಅಗಲದ ಜಾಗ ಕೆಳಗೆ ಎಲ್ಲೂ ಇಲ್ಲ. ಸೀಸನ್ನಿನ ನಡುವೆ ಬಿಸ್ಕತ್ತಿನವರು ಕೈಬಿಟ್ಟರು. ಟೈರಿನವರೂ ಬಿಟ್ಟರೆ ಮತ್ತೆ ಟಿಕೆಟ್ ಬರುತ್ತದೆ ಎಂದು ಮ್ಯಾನೇಜರ್ ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಹೇಳಿದ. ಅತ್ತೆ ಅವನನ್ನು ಸಮಾಧಾನ ಮಾಡಿದಳು. "ಟಿಕೆಟ್ ಇಟ್ರೆ ಮುದುಕಿ ತಾರಸಿ ತೆರೀತಾಳೆ ಅಂತ ಹೆದರ್ಬೇಡಿ. ದುಡ್ಡು ಕೊಟ್ಟೇ ಒಳಗೆ ಬರ್ತೀನಿ. ಆದ್ರೆ ನಿಮ್ಮ ಟೀ ಕುಡಿಯಲ್ಲ."

ಸೀಸನ್ನಿನ ಕೊನೆಯ ಭಾನುವಾರ ಬಿಸಿಲು ಹದವಾಗಿತ್ತು. ಅತ್ತೆ ಫ್ಲಾಸ್ಕಿಗೆ ಟೀ ತುಂಬಿಕೊಂಡಳು, ಟೋಪಿ ಹುಡುಕಿದಳು. ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದಳು.

"ಬಾರೇ, ಒಂದು ಸಲ ನೋಡು. ಹನ್ನೊಂದು ವರ್ಷದಿಂದ ಬರೀ ಸದ್ದು ಕೇಳಿದೀಯ. ಹೊರಡೋದು ನೋಡಿದ್ರೆ ಎದೆ ಜುಂ ಅನ್ನುತ್ತೆ."

ಸೊಸೆ ಹಲ್ಲಿನಲ್ಲಿ ದಾರ ಕತ್ತರಿಸಿ ನಕ್ಕಳು. "ನೀವು ಹೋಗಿ ಬನ್ನಿ ಅತ್ತೆ. ಯಾರು ಗೆದ್ರು ಅಂತ ಮಾತ್ರ ಬಂದು ಹೇಳ್ಬೇಡಿ."

"ಹೇಳೇ ಹೇಳ್ತೀನಿ" ಅನ್ನುತ್ತ ಅತ್ತೆ ಬೀದಿಗೆ ಇಳಿದಳು. ಅಷ್ಟು ಹೊತ್ತಿಗಾಗಲೇ ಮುಂದಿನ ಮೂಲೆಯಿಂದ ಹಾರ್ನಣ್ಣ, ಲೇಟಾಯ್ತು ಬಾ ಎಂದು, ಊರಿಗೆಲ್ಲ ಕೇಳುವಂತೆ ಕರೆಯುತ್ತಿದ್ದ.